ಸೊನ್ನೆಗೆ ಅಂಜಿದ ಅಕ್ಕಾರು

ಕೆಲಸಕ್ಕೆ ಕೂರುವ ಮೊದಲು ಅವರು ಬಲಗೈಯ ಬಳೆಗಳನ್ನೆಲ್ಲ ಮೊಣಕೈಯ ತನಕ ಮೇಲಕ್ಕೆ ತಳ್ಳಿ, ಕೆಳಗೆ ಜಾರದಂತೆ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಹಸಿರು ಗಾಜಿನ ಬಳೆಗಳು. ಸಂಜೆ ಅವನ್ನು ಇಳಿಸಿದಾಗ ಕೈಯ ಮೇಲೆ ಕೆಂಪು ಗೆರೆಗಳು ಸಾಲಾಗಿ ಮೂಡಿರುತ್ತಿದ್ದವು. ಬಳೆ ತಾಗಿ ಪರೀಕ್ಷೆಯ ಬಾಟಲಿಯ ಮೇಲೆ ಕಣ್ಣಿಗೆ ಕಾಣದ ಗೀರು ಬಿದ್ದರೆ, ಆ ಗೀರು ಬೆಳಕನ್ನು ಚದುರಿಸಿದರೆ, ಮೀಟರ್ ಅದನ್ನೇ ನೀರಿನ ರಾಡಿ ಎಂದು ಓದಿದರೆ? ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಅಂಜಿಕೆ ಅವರ ತಲೆಯಲ್ಲಿ ಓಡುತ್ತಿತ್ತು. ಬಳೆಗಳು ನಿಜವಾಗಿ ಹಸಿರೇ ಇದ್ದವೇ ಎಂದು ಯಾರಾದರೂ ಒತ್ತಿ ಕೇಳಿದರೆ ನಾನು ಆಣೆ ಮಾಡಲಾರೆ. ಕೈಮೇಲಿನ ಗೆರೆಗಳ ಬಗ್ಗೆ ಮಾಡಬಲ್ಲೆ.

ಕೊಪ್ಪಳದಲ್ಲಿ ಕುಡಿಯುವ ನೀರು ಪರೀಕ್ಷಿಸುವ ಒಂದು ಸಣ್ಣ ಪ್ರಯೋಗಾಲಯಕ್ಕೆ ನಾನು ಗುತ್ತಿಗೆಯ ಮೇಲೆ ಸೇರಿದಾಗ ಅವರು ಅಲ್ಲಿನ ಹಿರಿಯರು. ನನ್ನಂತೆಯೇ ರಸಾಯನಶಾಸ್ತ್ರ ಓದಿದವರು, ನನಗಿಂತ ಬಹಳ ಹಿಂದೆ. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಅಕ್ಕಾರು ಎನ್ನುತ್ತಾರೆ. ಅವರು ಯಾವ ಸಾಲಿಯಲ್ಲೂ ಕಲಿಸಿದವರಲ್ಲ, ಆದರೂ ಸಾಹೇಬರಿಂದ ಹಿಡಿದು ಕಸ ಹೊಡೆಯುವವರ ತನಕ ಎಲ್ಲರಿಗೂ ಅವರು ಅಕ್ಕಾರೇ. ಅವರ ಬೆನ್ನ ಹಿಂದೆ ಮಾತ್ರ ಆ ಹೆಸರಿಗೆ ಮುಂದೊಂದು ಮಾತು ಸೇರುತ್ತಿತ್ತು: ಅಂಜಬುರುಕಿ ಅಕ್ಕಾರು. ಅದು ಅವರಿಗೆ ಗೊತ್ತಿತ್ತು. ಬೆಳಿಗ್ಗೆ ಬಂದವರೇ ಹೊರಗೆ ನಿಂತು, "ಅಂಜಬುರುಕಿ ಬಂದಾಳ, ಬಾಗಲಾ ತಗೀರಿ" ಎಂದು ತಾವೇ ಕೂಗುತ್ತಿದ್ದರು.

ಯಲಬುರ್ಗಾದಿಂದ ದಿನಾಲೂ ಬಸ್ಸಿನಲ್ಲಿ ಓಡಾಡುತ್ತಿದ್ದರು. ಚಾಲಕನ ಮುಖ ನೋಡಿಯೇ ಬಸ್ ಹತ್ತುವುದು, ಅವನ ಕಣ್ಣು ಕೆಂಪಾಗಿದ್ದರೆ ಮುಂದಿನ ಬಸ್ಸಿಗೆ ಕಾಯುವುದು. ತಳಕಲ್ ಬಂದು ಜನ ಇಳಿದಾಗ ಹಿಂದಿನ ಬಾಗಿಲ ಹತ್ತಿರದ ಸೀಟಿಗೆ ಬದಲಾಗುವುದು, ಏನಾದರೂ ಆದರೆ ಮೊದಲು ಇಳಿಯಬಹುದೆಂದು. ನಾಯಿ, ಗ್ಯಾಸಿನ ಒಲೆ, ಸಿಡಿಲು, ಲಿಫ್ಟು, ಸಾಹೇಬರ ಫೋನು, ಎಲ್ಲಕ್ಕೂ ಅಂಜುತ್ತಿದ್ದರು. ಇಷ್ಟೊಂದು ಅಂಜಿಕೆ ಎಲ್ಲಿಂದ ಬಂತು ಎಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಕತೆ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ಓಣಿಗೆ ವಾಂತಿಭೇದಿ ಬಂದು ತಮ್ಮನೊಬ್ಬ ಹೋದ ಎಂದು ನನಗೆ ಹೇಳಿದ್ದರು. ಇನ್ನೊಬ್ಬರ ಮುಂದೆ, ತಮ್ಮಂದಿರೇ ಇಲ್ಲದ ಮನೆ ತಮ್ಮದು ಎಂದಿದ್ದರಂತೆ. ನಾನು ಅನುಮಾನದ ಮನುಷ್ಯ, ಎರಡನ್ನೂ ನಂಬಲಿಲ್ಲ. ಈಗ ಅನ್ನಿಸುತ್ತದೆ, ಮೊದಲನೆಯದು ನಿಜವಿದ್ದು ಎರಡನೆಯದು ಮಾತು ಮುಗಿಸಲು ಹೇಳಿದ್ದಿರಬಹುದು. ಕೇಳಿ ತಿಳಿಯಲು ಇನ್ನು ದಾರಿಯಿಲ್ಲ.

ಅವರು ಎಲ್ಲಕ್ಕಿಂತ ಹೆಚ್ಚು ಅಂಜುತ್ತಿದ್ದದ್ದು ಸೊನ್ನೆಗೆ. ನೀರು ಎಷ್ಟು ಕಲಕಿದೆ ಎಂದು ಹೇಳುವ ಮೀಟರಿಗೆ ಒಂದು ಕಡ್ಡಿ ಇರುತ್ತದೆ, ಅದರ ತುದಿಯಲ್ಲಿ ಸಣ್ಣ ಗಾಜಿನ ಕಣ್ಣು. ಕಣ್ಣು ನೀರಿನೊಳಗೆ ಬೆಳಕು ಬಿಡುತ್ತದೆ, ಮಣ್ಣಿನ ಕಣಗಳಿಗೆ ತಾಗಿ ತಿರುಗಿ ಬಂದ ಬೆಳಕನ್ನು ಅಳೆಯುತ್ತದೆ. ಆದರೆ ತಿಳಿನೀರು ಎಂದರೆ ಯಾವುದು ಎಂದು ಅದಕ್ಕೆ ಆಗಾಗ ನಾವೇ ಕಲಿಸಿಕೊಡಬೇಕು. ತೀರ ಶುದ್ಧ ನೀರಿನಲ್ಲಿ ಅದ್ದಿ, ಇದು ಸೊನ್ನೆ ಎಂದು ಒತ್ತಬೇಕು. ಆಮೇಲೆ ಗೊತ್ತಿದ್ದಷ್ಟು ಕಲಕಿರುವ ದ್ರಾವಣದಲ್ಲಿ ಅದ್ದಿ, ಇದು ಇಷ್ಟು ಎಂದು ಒತ್ತಬೇಕು. ಪುಸ್ತಕದಲ್ಲಿ ಇದಕ್ಕೆ ಕ್ಯಾಲಿಬ್ರೇಶನ್ ಎಂಬ ಹೆಸರು. ಅಕ್ಕಾರು ಸೊನ್ನಿ ಕೂಡ್ಸೋದು ಎನ್ನುತ್ತಿದ್ದರು, ಕೂಸನ್ನು ಕೂಡಿಸುವ ಹಾಗೆ.

ಕೂಡಿಸುವಾಗ ಫ್ಯಾನ್ ಬಂದ್. ಮಾತು ಬಂದ್. ಒಳಗೆ ಕಪ್ಪು ಬಳಿದ ಪಾತ್ರೆಯ ಗೋಡೆಗುಂಟ ನೀರನ್ನು ಎಣ್ಣೆಯಂತೆ ಇಳಿಸುತ್ತಿದ್ದರು. "ಗುಳ್ಳಿಗೂ ಸುಳ್ಳು ಹೇಳಾಕ ಬರ್ತೈತಿ" ಎಂಬುದು ಅವರ ಮಾತು. ಗಾಳಿಯ ಗುಳ್ಳೆಯೊಂದು ಕಣ್ಣಿಗೆ ಅಂಟಿದರೆ ಮೀಟರ್ ಅದನ್ನೂ ಮಣ್ಣೆಂದು ಓದುತ್ತದೆ. ನನಗೆ ಇದೆಲ್ಲ ಅತಿ ಎನ್ನಿಸುತ್ತಿತ್ತು. ಕೈಪಿಡಿಯಲ್ಲಿ ಇಷ್ಟಿಲ್ಲವಲ್ಲ ಎಂದರೆ, ಕೈಪಿಡಿ ಬರೆದವನು ಈ ನೀರು ಕುಡಿಯುವುದಿಲ್ಲ ಎನ್ನುತ್ತಿದ್ದರು. ಕುಷ್ಟಗಿ ಕಡೆಯ ಬೋರ್‌ವೆಲ್ ನೀರು ಪರೀಕ್ಷೆಗೆ ಬಂದರೆ ಅವರಿಗೆ ಇಷ್ಟು ಅಂಜಿಕೆ ಇರುತ್ತಿರಲಿಲ್ಲ. ಆ ನೀರಿನ ದೋಷ ಫ್ಲೋರೈಡ್, ವರ್ಷಗಟ್ಟಲೆ ಕಾದು ಎಲುಬು ಹಿಡಿಯುವಂಥದ್ದು. ಹೊಳೆಯ ನೀರು ಹಾಗಲ್ಲ. ಮಣ್ಣಿನ ಕಣದ ಮರೆಯಲ್ಲಿ ರೋಗ ಅಡಗಿ ಕೂರುತ್ತದೆ, ಕ್ಲೋರಿನ್ ಹಾಕಿದರೂ ಅದಕ್ಕೆ ತಾಗುವುದಿಲ್ಲ, ಇವತ್ತು ಕುಡಿದರೆ ನಾಳೆ ಊರಿಗೆ ಊರೇ ಮಲಗುತ್ತದೆ.

ಹೊಳೆ ನೀರು ಎತ್ತಿ, ಸೋಸಿ, ಸುತ್ತಲ ಹಳ್ಳಿಗಳಿಗೆ ಬಿಡುವ ಒಂದು ಘಟಕದ ಮೀಟರ್ ನಮ್ಮ ಜವಾಬ್ದಾರಿಯಲ್ಲಿತ್ತು. ಅದರ ಹೆಸರಾಗಲಿ ಆ ಹಳ್ಳಿಗಳ ಹೆಸರಾಗಲಿ ಇಲ್ಲಿ ಬೇಡ. ಆ ವರ್ಷ ದಸರೆಯ ಹೊತ್ತಿಗೆ ಮೇಲೆ ಎಲ್ಲೋ ಮಳೆ ಸುರಿದು ಹೊಳೆ ಕೆಂಪಾಗತೊಡಗಿತ್ತು. ಹಬ್ಬದ ಎರಡು ದಿನ ರಜೆ, ಘಟಕದ ಕಡೆ ತಿರುಗಿ ನೋಡುವವರಿಲ್ಲ ಎಂಬುದು ಅಕ್ಕಾರ ಹೊಸ ಅಂಜಿಕೆ. ಹೀಗಾಗಿ ಖಂಡೇ ಪೂಜೆಯ ದಿನ, ಅಂದರೆ ಆಯುಧ ಪೂಜೆಯಂದು, ರಜೆ ಇದ್ದರೂ ನನ್ನನ್ನು ಕರೆದುಕೊಂಡು ಸೊನ್ನೆ ಕೂಡಿಸಲು ಹೊರಟರು. ಅಂಜದೆ ಮನೆಯಲ್ಲಿ ಹೋಳಿಗೆ ತಿನ್ನುತ್ತ ಕೂತಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಘಟಕ ನೋಡಿಕೊಳ್ಳುವವನು ನಡುವಯಸ್ಸಿನ ಆಪರೇಟರ್. ನಾವು ಹೋಗುವ ಹೊತ್ತಿಗೆ ಸ್ನಾನ ಮಾಡಿ, ಮಡಿಯುಟ್ಟು, ಪಂಪುಗಳಿಗೆಲ್ಲ ಚೆಂಡುಹೂವಿನ ಮಾಲೆ ಹಾಕಿದ್ದ. ಪಾನಾ, ಇಕ್ಕಳ, ಸುತ್ತಿಗೆ, ವಾಲ್ವಿನ ಚಕ್ರ, ಎಲ್ಲದರ ಮೇಲೂ ವಿಭೂತಿ, ಕುಂಕುಮ. ಮೀಟರಿನ ಕಡ್ಡಿಯನ್ನೂ ಬಿಟ್ಟಿರಲಿಲ್ಲ. ನೀರಿನಿಂದ ಎತ್ತಿ ಒರೆಸಿ, ಬಾಳೆ ಎಲೆಯ ಮೇಲೆ ಮಲಗಿಸಿ, ತುದಿಗೆ ಮೂರು ಬೆರಳಿನ ವಿಭೂತಿ ಎಳೆದಿದ್ದ, ಸರಿಯಾಗಿ ಗಾಜಿನ ಮೇಲೆ.

"ಇದೇನೋ ಮಾರಾಯ" ಎಂದರು ಅಕ್ಕಾರು.

"ಹಣಿ ಮ್ಯಾಲೆ ಹಚ್ಚೀನ್ರಿ ಅಕ್ಕಾರ. ವರ್ಷಕ್ಕೊಮ್ಮಿ ಅದಕ್ಕೂ ಮರ್ಯಾದಿ ಬ್ಯಾಡೇನ್ರಿ."

"ಅದು ಹಣಿ ಅಲ್ಲೋ, ಕಣ್ಣು. ನಿನ್ನ ಕಣ್ಣಾಗ ವಿಭೂತಿ ಹಚ್ಚಿದ್ರ ನೀ ಬಿಡ್ತಿದ್ದ್ಯಾ?"

ಅವನು ನಕ್ಕ. ಅವರೂ ನಕ್ಕರು. ಬಳೆ ಮೇಲೆ ಸರಿಸಿ, ಮೆದು ಬಟ್ಟೆಯ ಸುರುಳಿ ಬಿಚ್ಚಿದರು. ಅಷ್ಟರಲ್ಲಿ ಆಪರೇಟರನ ಹೆಂಡತಿ ಆರತಿ ತಟ್ಟೆ ಹಿಡಿದು ಬಂದಳು. ಅಕ್ಕಾರು ಬಟ್ಟೆ ಕೆಳಗಿಟ್ಟು, ಎರಡೂ ಕೈಯಿಂದ ಆರತಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ನಮ್ಮ ಕೈಗೆ ಕೊಬ್ಬರಿ ಸಕ್ಕರೆ ಬಂತು. ಅದನ್ನು ತಿಂದು, ಕೈ ತೊಳೆದು, ಕಡ್ಡಿಯನ್ನು ಶುದ್ಧ ನೀರಿಗೆ ಇಳಿಸಿದರು. ಸೊನ್ನೆ ಕೂರಲು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಗುಳ್ಳೆ ಇರಬೇಕು ಎಂದುಕೊಂಡು ಕಾದರು. ಕೂತಿತು. ಕಡ್ಡಿ ಮತ್ತೆ ಟಾಕಿಗೆ ಇಳಿಯಿತು, ನಾವು ಬಸ್ ಹಿಡಿದೆವು.

ಮರುದಿನ ಬನ್ನಿ ಹಬ್ಬ. ಮಧ್ಯಾಹ್ನ ಅವರ ಫೋನು: ಬಸ್ ಸ್ಟ್ಯಾಂಡಿಗೆ ಬಾ. ಹೋಗಿ ನೋಡಿದರೆ ಹಬ್ಬದ ಸೀರೆ ಉಟ್ಟು, ಹೆಗಲಿಗೆ ಪ್ರಯೋಗಾಲಯದ ಕೈಮೀಟರಿನ ಪೆಟ್ಟಿಗೆ ಹಾಕಿಕೊಂಡು ನಿಂತಿದ್ದಾರೆ. ತುಟಿ ಒಣಗಿತ್ತು. ಸುತ್ತ ಜನ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣ ಎನ್ನುತ್ತಿದ್ದರು. ಯಾರೋ ಇವರ ಕೈಗೂ ಎಲೆ ಇಟ್ಟುಹೋದರು. ಅದನ್ನು ಅವರು ಪೆಟ್ಟಿಗೆಯ ಪಟ್ಟಿಗೆ ಸಿಕ್ಕಿಸಿಕೊಂಡರು.

"ತಮ್ಮಾ, ನಿನ್ನಿ ಆರತಿ ಆದ ಮ್ಯಾಲೆ ನಾ ಆ ಗಾಜು ಒರಸೀನೇನು?"

ನಾನು ಯೋಚಿಸಿದೆ. ಅವರು ಒರೆಸುತ್ತಿರುವ ಚಿತ್ರ ಕಣ್ಣಮುಂದೆ ಸ್ಪಷ್ಟವಾಗಿಯೇ ಬಂತು. ಆದರೆ ಅವರು ಗಾಜು ಒರೆಸುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಇದು ನಿನ್ನೆಯದೋ, ಅದಕ್ಕೂ ಹಿಂದಿನದೋ? ಬಟ್ಟೆ ಕೆಳಗಿಟ್ಟದ್ದು ನೆನಪಿತ್ತು. ಎತ್ತಿಕೊಂಡದ್ದು ನೆನಪಿರಲಿಲ್ಲ. ಎತ್ತಿಕೊಳ್ಳಲಿಲ್ಲ ಎಂದೂ ನೆನಪಿರಲಿಲ್ಲ.

"ನನಗ ನೆನಪಿಲ್ರಿ ಅಕ್ಕಾರ" ಎಂದೆ.

ಅವರು ನನ್ನನ್ನು ನೋಡಿದ ರೀತಿ ವಿಚಿತ್ರವಾಗಿತ್ತು. ಬೈಯುತ್ತಾರೆ ಎಂದುಕೊಂಡೆ.

"ಛಲೋ ಆತು. ಹೌದು ಅಂದಿದ್ರ ನಂಬಿ ಮನಿಗೆ ಹೋಗಿಬಿಡ್ತಿದ್ನಿ."

ಆಮೇಲೆ ಅವರು ಆಪರೇಟರನಿಗೆ ಫೋನ್ ಹಚ್ಚಿ, ಹೊಳೆ ಹೇಗಿದೆ ಎಂದು ಕೇಳಿದರು. ಬೆಲ್ಲದ ನೀರಿನಂತೆ ಬರುತ್ತಿದೆ ಎಂದ. ಮೀಟರ್ ಎಷ್ಟು ತೋರಿಸುತ್ತಿದೆ ಎಂದು ಕೇಳಿದರು. ಭಾಳ ಛಲೋ ಐತ್ರಿ, ಸೊನ್ನೆಯ ಹತ್ತಿರವೇ ಐತಿ ಎಂದು ಅವನು ಹಿಗ್ಗಿನಿಂದ ಹೇಳಿದ. ಪೂಜೆಯ ಫಲ ಎಂದೂ ಸೇರಿಸಿದ. ಅಕ್ಕಾರು ಫೋನನ್ನು ಕಿವಿಯಿಂದ ಇಳಿಸಿದರು. ಅವರ ಮುಖದಲ್ಲಿ ರಕ್ತ ಇಳಿದುಹೋದದ್ದನ್ನು ನಾನು ಕಂಡೆ. ಇದು ನನ್ನ ನೆನಪಿನ ಆಟವಲ್ಲ.

ಹೊಳೆ ಅಷ್ಟು ಕೆಟ್ಟಿರುವಾಗ ಸೋಸಿದ ನೀರು ಅಷ್ಟು ಚೆನ್ನಾಗಿ ಬರಲು ಸಾಧ್ಯವಿಲ್ಲ. ಗಾಜಿನ ಮೇಲೆ ವಿಭೂತಿಯ ಪದರ ಇದ್ದಾಗಲೇ ನಾವು ಮೀಟರಿಗೆ ಇದೇ ತಿಳಿನೀರು ಎಂದು ಕಲಿಸಿದ್ದರೆ, ಹರಿಯುವ ನೀರಿನಲ್ಲಿ ವಿಭೂತಿ ತೊಳೆದುಹೋದ ಮೇಲೆ, ಅಷ್ಟೇ ಕಲಕಿರುವ ನೀರನ್ನೂ ಅದು ತಿಳಿನೀರು ಎಂದೇ ಹೇಳುತ್ತದೆ. ತಕ್ಕಡಿಯ ತಟ್ಟೆಯಲ್ಲಿ ಕಲ್ಲಿಟ್ಟು ಮುಳ್ಳನ್ನು ಸರಿಮಾಡಿ, ಆಮೇಲೆ ಕಲ್ಲು ತೆಗೆದ ಹಾಗೆ. ಆ ಲೆಕ್ಕದಲ್ಲಿ ನಿನ್ನೆ ಮಧ್ಯಾಹ್ನದಿಂದ ಹಳ್ಳಿಗಳ ಟಾಕಿಗೆ ಹೋಗುತ್ತಿದ್ದದ್ದು ಏನು?

ಸಾಹೇಬರಿಗೆ ಫೋನ್ ಮಾಡಿ ನೀರು ನಿಲ್ಲಿಸಲು ಅನುಮತಿ ಕೇಳಿದರು. ಸಾಹೇಬರು ಹಬ್ಬದ ಊಟದಲ್ಲಿದ್ದರು. ಮೀಟರ್ ಸರಿ ಇದೆ ಅಂತಿರುವಾಗ ಯಾವ ಆಧಾರದ ಮೇಲೆ ನಿಲ್ಲಿಸುವುದು ಎಂದು ಕೇಳಿದ್ದು ನನಗೂ ಕೇಳಿಸಿತು. ಸಾಹೇಬರ ಫೋನು ಬಂದರೆ ಎದ್ದು ನಿಂತು ಮಾತಾಡುತ್ತಿದ್ದ ಹೆಂಗಸು ಹೇಳಿದರು, "ನನ್ನ ಅಂಜಿಕಿ ಮ್ಯಾಲ್ರಿ ಸರ್. ಬ್ಯಾರೆ ಆಧಾರ ಇಲ್ರಿ." ಅನುಮತಿ ಸಿಗಲಿಲ್ಲ. ಆಪರೇಟರನಿಗೆ ಮತ್ತೆ ಫೋನ್ ಮಾಡಿ, ವಾಲ್ವ್ ಬಂದ್ ಮಾಡು, ಬೈಸಿಕೊಳ್ಳುವುದು ನಾನು ಎಂದರು.

ಹಿಟ್ನಾಳದ ಕಡೆ ಹೋಗುವ ಬಸ್ಸಿನಲ್ಲಿ ಅವತ್ತು ಅವರು ಚಾಲಕನ ಮುಖ ನೋಡಲಿಲ್ಲ, ಸೀಟೂ ಆರಿಸಲಿಲ್ಲ. ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಅಪ್ಪಿಕೊಂಡಿದ್ದರು. ಪಕ್ಕದ ಹೆಂಗಸು ಮಡಿಲಲ್ಲಿದ್ದ ಮಗುವಿಗೆ ಪ್ಲಾಸ್ಟಿಕ್ ಬಾಟಲಿಯಿಂದ ನೀರು ಕುಡಿಸುತ್ತಿದ್ದಳು. ಯಾವ ಊರಿನವರು ಎಂದು ಅಕ್ಕಾರು ಕೇಳಿದರು. ಅವಳು ಗಂಗಾವತಿ ಎಂದಾಗ ಅಕ್ಕಾರು ಬಿಟ್ಟ ಉಸಿರು ನನಗೆ ಕೇಳಿಸಿತು.

ಘಟಕದಲ್ಲಿ ಕಡ್ಡಿಯನ್ನು ಎತ್ತಿ ನೋಡಿದೆವು. ಗಾಜು ಸ್ವಚ್ಛವಿತ್ತು. ಗಾಜಿನ ಸುತ್ತಲಿನ ಸಂದಿಯಲ್ಲಿ ಬೂದು ಬಣ್ಣದ ಒಂದು ಎಳೆ ನನಗೆ ಕಂಡಿತು. ಆಪರೇಟರ್ ಅದನ್ನು ಹೊಳೆಯ ಕೆಸರು ಎಂದ. ವಿಭೂತಿಯೋ ಕೆಸರೋ ಎಂದು ನಾನು ವಾದಕ್ಕೆ ನಿಂತೆ. ಅಕ್ಕಾರು ನನ್ನನ್ನು ಪಕ್ಕಕ್ಕೆ ಸರಿಸಿ, ಹಳ್ಳಿಗಳಿಗೆ ಹೋಗುವ ಪೈಪಿನ ನೀರನ್ನು ಬಾಟಲಿಗೆ ಹಿಡಿದು ಕೈಮೀಟರಿಗೆ ಇಟ್ಟರು. ಬರಬಾರದ ಅಂಕಿ ಬಂತು. ಮತ್ತೆ ಹಿಡಿದರು, ಮತ್ತೆ ಅದೇ. ಬಾಟಲಿಯನ್ನು ಎತ್ತಿ ಹಿಡಿದರೆ ಕಣ್ಣಿಗೆ ನೀರು ತಿಳಿಯಾಗಿಯೇ ಕಾಣುತ್ತಿತ್ತು. ಅದೇ ಭಯ ಹುಟ್ಟಿಸುವ ಸಂಗತಿ. ಕಣ್ಣಿಗೆ ಕಾಣುವಷ್ಟು ರಾಡಿಯಾಗಿದ್ದರೆ ಜನ ತಾವೇ ಚೆಲ್ಲುತ್ತಿದ್ದರು.

ಅಲ್ಲಿಂದ ಅವರು ಪ್ರತಿ ಹಳ್ಳಿಯ ನೀರುಗಂಟಿಗೆ, ಅಂದರೆ ಊರಿನ ನಲ್ಲಿ ಬಿಡುವವನಿಗೆ, ಫೋನ್ ಹಚ್ಚತೊಡಗಿದರು. ಟಾಕಿಯ ನೀರು ಬಿಡಬೇಡಿ. ಹಬ್ಬವೆಂದು ಹೆಚ್ಚಿನವರು ಇನ್ನೂ ಬಿಟ್ಟಿರಲಿಲ್ಲ. ಒಂದು ಊರಿನವನು ಮಾತ್ರ ಫೋನ್ ಎತ್ತಲಿಲ್ಲ. ಆಪರೇಟರನ ಬೈಕಿನಲ್ಲಿ, ಬೈಕಿಗೂ ಅಂಜುವ ಅಕ್ಕಾರು, ಅವನ ಹಿಂದೆ ಕೂತು ಆ ಊರಿಗೆ ಹೋದರು. ನಾನು ಯಾರದೋ ಟಂಟಂ ಆಟೋ ಹತ್ತಿ ಹಿಂದೆ ಹೋದೆ.

ನಾನು ಊರು ಮುಟ್ಟುವಾಗ ನಲ್ಲಿ ಬಿಟ್ಟಾಗಿತ್ತು. ಮನೆ ಮನೆಯ ಕೊಡಗಳು ತುಂಬಿದ್ದವು. ಅಕ್ಕಾರು ಓಣಿಯ ನಡುವೆ ನಿಂತು, ಚೆಲ್ಲಿರಿ, ಇಲ್ಲವೇ ಕುದಿಸಿ ಕುಡಿಯಿರಿ ಎನ್ನುತ್ತಿದ್ದರು. ಗುಡಿಯ ಮೈಕಿನಲ್ಲಿ ಹಚ್ಚಿದ್ದ ಹಾಡಿನಲ್ಲಿ ಅವರ ಮಾತು ಮುಚ್ಚಿಹೋಗುತ್ತಿತ್ತು. ಬನ್ನಿ ಕೊಡಲು ಬಂದವರೆಂದು ತಿಳಿದ ಕೆಲವರು ಅವರ ಕೈಗೆ ಎಲೆ ಕೊಟ್ಟು ಕಾಲು ಮುಟ್ಟಿ ಹೋದರು. ಒಬ್ಬ ಮುದುಕಿ ಚರಿಗೆಯ ನೀರನ್ನು ಅವರ ಮೂಗಿನ ಮುಂದೆ ಹಿಡಿದಳು.

"ಹಬ್ಬದ ದಿನಾ ತುಂಬಿದ ಕೊಡಾ ಚೆಲ್ಲು ಅಂತೀಯಲ್ಲ ಯವ್ವಾ. ನೋಡು, ತಳಾ ಕಾಣೂ ಹಂಗ ಐತಿ ನೀರು."

"ಹೌದಬೇ, ಕಾಣತೈತಿ. ಅದಕ್ಕ ಅಂಜಾಕತ್ತೀನಿ."

"ನೀ ಅಂಜಿದ್ರ ಊರೆಲ್ಲಾ ಅಂಜಬೇಕೇನು?"

ಅಕ್ಕಾರು ಗುಡಿಯ ಕಡೆ ನಡೆದರು. ನಾಲ್ಕು ಜನರ ಮುಂದೆ ಮಾತಾಡಲು ಬೆವರುತ್ತಿದ್ದವರು ಹಾಡು ನಿಲ್ಲಿಸಿ ಮೈಕ್ ಕೇಳಿದರು. ಅವರು ಮೈಕಿನಲ್ಲಿ ಹೇಳಿದ್ದು ನನಗೆ ಪೂರ್ತಿ ನೆನಪಿಲ್ಲ. ನೆನಪಿದ್ದಂತೆ ಬರೆದರೆ ಅದು ನಾನು ಕಟ್ಟಿದ್ದಾಗುತ್ತದೆ. ಕೊನೆಯ ಮಾತು ಮಾತ್ರ ಗೊತ್ತು: "ತಪ್ಪು ನನ್ನಿಂದ ಆಗೇತಿ. ಸಿಟ್ಟು ನನ್ನ ಮ್ಯಾಲೆ ಇರ್ಲಿ, ನೀರು ಮಾತ್ರ ಕುಡೀಬ್ಯಾಡ್ರಿ." ಸ್ವಲ್ಪ ಹೊತ್ತಿಗೆ ಯಾವುದೋ ಮನೆಯ ಮುಂದೆ ಕೊಡ ಮಗುಚಿದ ಸದ್ದು ಕೇಳಿತು. ಆಮೇಲೆ ಇನ್ನೊಂದು. ಎಲ್ಲರೂ ಚೆಲ್ಲಿದರೆಂದು ಹೇಳಲಾರೆ.

ಮುಂದಿನ ದಿನಗಳು ಆ ದಿನಕ್ಕಿಂತ ಕೆಟ್ಟವು. ಮೀಟರಿಗೆ ಹೊಸದಾಗಿ ಸೊನ್ನೆ ಕೂಡಿಸಿಯಾಗಿತ್ತು, ಟಾಕಿಗಳನ್ನು ತೊಳೆಸಿಯಾಗಿತ್ತು. ಇನ್ನು ಕಾಯುವುದೊಂದೇ. ಅಕ್ಕಾರು ಪ್ರಯೋಗಾಲಯದಲ್ಲಿ ಫೋನನ್ನು ಮೇಜಿನ ಮೇಲೆ ಕಣ್ಣೆದುರಿಗೇ ಇಟ್ಟುಕೊಂಡು ಕೂರುತ್ತಿದ್ದರು. ಅದು ರಿಂಗಾದರೆ ಬೆಚ್ಚುತ್ತಿದ್ದರು, ಆಗದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಗೆ ತಾವೇ ಮಾಡುತ್ತಿದ್ದರು. ಬುತ್ತಿ ಬಿಚ್ಚಿ ಹಾಗೇ ಕಟ್ಟಿ ಮನೆಗೆ ಒಯ್ಯುತ್ತಿದ್ದರು. ಆ ಭಯ ನನಗೂ ಅಂಟಿತು. ಇವತ್ತಿಗೂ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ, ಎತ್ತುವ ಮೊದಲು ಕೊನೆಗೆ ಯಾವ ಮೀಟರಿಗೆ ಸೊನ್ನೆ ಕೂಡಿಸಿದೆ ಎಂದು ಲೆಕ್ಕ ಹಾಕುತ್ತೇನೆ.

ಆ ಊರಿನಲ್ಲಿ ಒಂದೆರಡು ಮನೆಯವರಿಗೆ ಹೊಟ್ಟೆ ಕೆಟ್ಟು, ತಾನೇ ವಾಸಿಯಾಯಿತು. ಹಬ್ಬದ ಮರುದಿನ ಯಾವ ಊರಿನಲ್ಲಿ ಯಾರ ಹೊಟ್ಟೆ ಕೆಡುವುದಿಲ್ಲ? ಬೇರೆ ಏನೂ ಆಗಲಿಲ್ಲ. ಕೊಡ ಚೆಲ್ಲಿದ್ದರಿಂದ ಆಗಲಿಲ್ಲವೋ, ಆ ನೀರಿನಲ್ಲಿ ರೋಗವೇ ಇರಲಿಲ್ಲವೋ, ನಾನು ಎಷ್ಟು ತಿರುಗಿಸಿ ನೋಡಿದರೂ ಹೇಳಲು ಬರುವುದಿಲ್ಲ. ಏನೂ ಆಗದ್ದಕ್ಕೆ ಸಾಕ್ಷಿ ಇರುವುದಿಲ್ಲ. ಊರಿನ ಮುಖಂಡರು ಮಾತ್ರ, ಹಬ್ಬದ ದಿನ ಒಬ್ಬ ಹೆಂಗಸು ಬಂದು ಸುಮ್ಮಸುಮ್ಮನೆ ಜನರನ್ನು ಹೆದರಿಸಿದಳೆಂದು ದೂರು ಹೇಳಿದರು.

ಸಾಹೇಬರು ಎಲ್ಲರನ್ನೂ ನಿಲ್ಲಿಸಿ ವಿಚಾರಿಸಿದರು. ಮೀಟರಿಗೆ ವಿಭೂತಿ ಹಚ್ಚಿದ ಆಪರೇಟರನನ್ನು ಕೆಲಸದಿಂದ ಬಿಡಿಸಿ ವಿಷಯ ಮುಗಿಸುವುದು ಅವರ ಮನಸ್ಸಿನಲ್ಲಿತ್ತು. ಅವನು ತಲೆ ತಗ್ಗಿಸಿ ನಿಂತಿದ್ದ. ಆಗ ಅಕ್ಕಾರು ಹೇಳಿದರು: "ಪೂಜಿ ಇಂವ ಮಾಡ್ಯಾನ್ರಿ. ಸೊನ್ನಿ ನಾ ಕೂಡ್ಸೀನಿ."

ಗಾಜು ಒರೆಸಲಿಲ್ಲ ಎಂದು ಅವರಿಗೆ ನೆನಪು ಬಂದಿತ್ತೇ? ಹೊರಗೆ ಬಂದ ಮೇಲೆ ಕೇಳಿದೆ. ಇಲ್ಲ, ಇನ್ನೂ ನೆನಪಿಲ್ಲ ಎಂದರು. ನೆನಪಿಲ್ಲದ್ದನ್ನು ಒಪ್ಪಿಕೊಂಡದ್ದು ಯಾಕೆ ಎಂದು ನಾನು ಯೂನಿವರ್ಸಿಟಿಯ ಧಾಟಿಯಲ್ಲಿ ವಾದ ತೆಗೆದೆ. ಅವರು ನಡೆಯುವುದನ್ನು ನಿಲ್ಲಿಸಲಿಲ್ಲ. "ನೆನಪಾಗೂ ತನಕಾ ಕಾದ್ರ ಅವನ ನೌಕರಿ ಹೋಗತಿತ್ತಲ್ಲೋ ತಮ್ಮಾ" ಎಂದರು. ಆಪರೇಟರ್ ಉಳಿದ. ಅಕ್ಕಾರನ್ನು ಮೀಟರುಗಳ ಕೆಲಸದಿಂದ ತೆಗೆದು ಕಚೇರಿಯೊಳಗೆ ಕೂರಿಸಿದರು. ಸೊನ್ನೆ ಕೂಡಿಸುವ ಕೆಲಸ ನನಗೆ ಬಂತು, ಅವರ ಅಂಜಿಕೆಯ ಸಮೇತ. ನನಗಿದ್ದ ಅನುಮಾನವೆಲ್ಲ ಅಲ್ಲಿಯ ತನಕ ಬೇರೆಯವರ ಮಾತಿನ ಮೇಲೆ ಇತ್ತು. ನನ್ನ ಕೈ ಮಾಡಿದ್ದರ ಮೇಲೆ ಅದನ್ನು ತಿರುಗಿಸಲು ಕಲಿಸಿದವರು ಅವರು. ಅದಕ್ಕೆ ನಾನು ಎಂದೂ ಕೃತಜ್ಞತೆ ಹೇಳಲಿಲ್ಲ, ಅಥವಾ ಹೇಳಿದ್ದು ನೆನಪಿಲ್ಲ.

ನಿವೃತ್ತಿಯಾದ ಮೇಲೆ ಅವರು ಬಹಳ ಕಾಲ ಉಳಿಯಲಿಲ್ಲ. ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಆಪರೇಟರನ ಫೋನು ಬಂತು. ಯಲಬುರ್ಗಾದ ಅವರ ಮನೆಯ ಮುಂದೆ ಶಾಮಿಯಾನದ ಕೆಳಗೆ ಅವನೂ ನಾನೂ ಅಕ್ಕಪಕ್ಕ ನಿಂತೆವು. ಎದೆನೋವು ಬಂದಿತ್ತಂತೆ. ಅವರು ಅಂಜಿ ಇಟ್ಟುಕೊಂಡಿದ್ದ ಪಟ್ಟಿಯಲ್ಲಿ ಎದೆ ಇರಲಿಲ್ಲ ಎಂದು ಮಗಳು ಅಳುತ್ತಲೇ ನಕ್ಕಳು.

ಕೆಲವು ವಾರಗಳ ನಂತರ ಕೆಲಸದ ಮೇಲೆ, ಅಕ್ಕಾರು ಕೊಡಗಳನ್ನು ಚೆಲ್ಲಿಸಿದ ಆ ಊರಿಗೆ ಹೋಗಬೇಕಾಯಿತು. ಈಗ ಅಲ್ಲಿ ಹೊಸ ನೀರುಗಂಟಿ. ಮಾತಿನ ನಡುವೆ, ಒಂದು ದಸರೆಗೆ ಇಲ್ಲಿಗೆ ಬಂದು ಮೈಕಿನಲ್ಲಿ ಮಾತಾಡಿದ ಅಕ್ಕಾರು ಇದ್ದರಲ್ಲ ಎಂದು ಕೇಳಿದೆ. ಅವನಿಗೆ ತಿಳಿಯಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರನ್ನು ಕರೆದು ಕೇಳಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ನನಗೆ ಸಮಾಧಾನ ಹೇಳುವ ಹಾಗೆ ಹೇಳಿದರು:

"ಬ್ಯಾರೆ ಊರಿರಬೇಕ್ರಿ ಸರ್. ನಮ್ಮೂರಾಗ ನೀರಿಂದ ಯಾವತ್ತೂ ಏನೂ ಆಗಿಲ್ಲ."